ಪಕ್ಕದ ಸೀಟು

ಮೇಷ್ಟ್ರು ಲೈಸೆನ್ಸ್ ನವೀಕರಣದ ಪರೀಕ್ಷೆಗೆ ಬಂದಾಗ ನಾನು ಮೇಜಿನ ಕೆಳಗೆ ಅಡಗಿಕೊಳ್ಳುವುದೊಂದು ಬಾಕಿ. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವರು ಅವರು. ನನಗೂ ಅವರೇ. ಈಗ ನಾನು ಪರೀಕ್ಷಕಿ, ಎಪ್ಪತ್ತು ದಾಟಿದ ಅವರು ಅಭ್ಯರ್ಥಿ.

"ಬೇರೆಯವರ ಹತ್ರ ಹೋಗಿ ಸಾರ್," ಎಂದೆ.

"ಅವರೆಲ್ಲ ನನ್ನ ಮುಖ ನೋಡಿ ಪಾಸ್ ಮಾಡ್ಬಿಡ್ತಾರೆ. ನೀನಾದ್ರೆ ದಾಕ್ಷಿಣ್ಯ ಇಲ್ಲದವಳು. ನಡಿ."

ಹೊಗಳಿದರೋ ಬೈದರೋ ತಿಳಿಯಲಿಲ್ಲ. ಯಾವತ್ತೂ ಹಾಗೇ ಅವರು. ಕಲಿಯುವಾಗ ನಾನು ಗೇರ್ ಹಾಕಿದರೆ ಕಾರು ಕೆಮ್ಮುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಇಳಿಸಿ ಮನೆಗೆ ಕಳಿಸುತ್ತಿದ್ದರು. ಇವರು ಪಕ್ಕದ ಸೀಟಿನಲ್ಲಿ, ಕಲಿಸುವವರಿಗೆಂದೇ ಇದ್ದ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಒಂದೇ ಮಾತು ಹೇಳುತ್ತಿದ್ದರು: "ಪಕ್ಕದಲ್ಲಿ ಕೂತವರ ಕಾಲು ಅಲುಗಾಡಬಾರದು. ಅಲುಗಾಡ್ತೋ, ನೀನು ಫೇಲು." ಇವತ್ತಿಗೂ ಅಂಕ ಹಾಕುವ ಮೊದಲು ನಾನು ನನ್ನ ಕಾಲನ್ನೇ ಕೇಳುತ್ತೇನೆ.

ಅವರ ಮನೆಯ ಕಷ್ಟ ನನಗೆ ಗೊತ್ತಿತ್ತು. ಅಮ್ಮನ, ಅಂದರೆ ಮೇಷ್ಟ್ರ ಹೆಂಡತಿಯ, ಅಕ್ಕ ಬೆಟ್ಟದ ಆಚೆ ಹಾಸಿಗೆ ಹಿಡಿದಿದ್ದರು. ಅಲ್ಲಿಗೆ ಬಸ್ಸಿಲ್ಲ. ಪ್ರತಿ ವಾರ ಮೇಷ್ಟ್ರೇ ಕರೆದೊಯ್ಯಬೇಕು. ಲೈಸೆನ್ಸ್ ಹೋದರೆ ಅಕ್ಕತಂಗಿಯರ ಭೇಟಿಗೆ ಕಲ್ಲು ಬಿದ್ದಂತೆಯೇ. ಹಾಗಾಗಿ ಕಾರು ಹತ್ತುವಾಗಲೇ ಮನಸ್ಸಿನಲ್ಲಿ ಅವರನ್ನು ಪಾಸ್ ಮಾಡಿಬಿಟ್ಟಿದ್ದೆ.

ಬೆಣ್ಣೆಯಿಂದ ಕೂದಲು ತೆಗೆದಂತೆ ಓಡಿಸಿದರು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಸಂದಿಯೊಂದರಿಂದ ಸೈಕಲ್ಲಿನ ಹುಡುಗಿ ರಸ್ತೆಗೆ ನುಗ್ಗಿದಳು. ಮೇಷ್ಟ್ರು ಅವಳನ್ನು ನೋಡಿದರು, ನಾನೂ ನೋಡಿದೆ. ಅವರ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ನನ್ನ ಕಾಲು ಬರೀ ನೆಲವನ್ನು ಒತ್ತಿಯಾಗಿತ್ತು. ಅದು ಅವರ ಸ್ವಂತ ಕಾರು, ನನ್ನ ಕಡೆ ಬ್ರೇಕೇ ಇರಲಿಲ್ಲ. ಹುಡುಗಿ ಕೂದಲೆಳೆಯ ಅಂತರದಲ್ಲಿ ಪಾರಾಗಿ, ನಮ್ಮಿಬ್ಬರಿಗೂ ಚೆನ್ನಾಗಿ ಬೈದು ಹೋದಳು.

ಮೇಷ್ಟ್ರು ಕಾರನ್ನು ಬದಿಗೆ ನಿಲ್ಲಿಸಿ ನನ್ನ ಕಾಲನ್ನು ನೋಡಿದರು.

"ಅಲುಗಾಡ್ತು."

"ಇಲ್ಲ ಸಾರ್, ಜೋಮು ಹಿಡಿದಿತ್ತು."

"ಸುಳ್ಳು ಹೇಳೋದನ್ನ ನಾನು ಕಲಿಸಿರ್ಲಿಲ್ಲವಲ್ಲೇ."

ನನಗೆ ಅಳು ಬಂತು. ಅವರೇ ನನ್ನ ಭುಜ ತಟ್ಟಿ ಕೀಲಿಕೈ ಕೊಟ್ಟರು. ಕಾರನ್ನು ಅವರ ಮನೆಗೆ ನಾನೇ ಓಡಿಸಿದೆ.

ಅಮ್ಮ ಅಕ್ಕನ ಮನೆಗೆಂದು ಚೀಲ ತುಂಬಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಗಂಡ ಪಕ್ಕದ ಸೀಟಿನಿಂದ ಇಳಿದದ್ದನ್ನು ಕಂಡು ಚೀಲ ಕೆಳಗಿಟ್ಟರು.

"ಫೇಲಾದೆ. ನಿನಗೆ ಆವಾಗ್ಲೇ ಕಲಿಸ್ಬೇಕಿತ್ತು," ಎಂದರು ಮೇಷ್ಟ್ರು.

"ನಾನು ಕೇಳ್ದೆ. ಕೇಳಿದಾಗೆಲ್ಲ 'ನಾನಿದ್ದೀನಲ್ಲ' ಅಂತಿದ್ರಿ."

ಊರಿಗೆಲ್ಲ ಕಲಿಸಿದ ಮನುಷ್ಯ ಬಗ್ಗಿ ಆ ಚೀಲ ಎತ್ತಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಈಗ ಕಲಿತೀಯಾ?"

"ಕಲೀತೀನಿ. ಆದ್ರೆ ನಿಮ್ಮ ಹತ್ರ ಅಲ್ಲ. ಮನೇಲಿ ಬೈಸ್ಕೊಳ್ಳೋದೇ ಸಾಕಾಗಿದೆ. ಇವಳು ಕಲಿಸ್ಲಿ."

ಹೀಗೆ ಅರವತ್ತೇಳರ ಹೆಂಗಸು ನನ್ನ ಶಿಷ್ಯೆಯಾದರು. ದಿನಾ ಸಂಜೆ ಕಚೇರಿ ಮುಗಿಸಿ ಹೋಗುತ್ತಿದ್ದೆ. ಅವರ ಕೈಗೆ ಲೈಸೆನ್ಸ್ ಬರುವವರೆಗೆ ಅಕ್ಕನ ಮನೆಗೆ ನಾನೇ ಕರೆದೊಯ್ಯುತ್ತಿದ್ದೆ. ಮೇಷ್ಟ್ರು ಹಿಂದಿನ ಸೀಟಿನಲ್ಲಿ ತುಟಿ ಕಚ್ಚಿಕೊಂಡು ಕೂರುತ್ತಿದ್ದರು. ಒಮ್ಮೆ ಮಾತ್ರ ತಡೆಯಲಾರದೆ, "ನೀನು ತಿರುವು ಕಲಿಸೋ ರೀತಿ ನಂದಕ್ಕಿಂತ ಚೆನ್ನಾಗಿದೆ, ಎಲ್ಲಿ ಕಲಿತೆ?" ಎಂದರು. ಅವತ್ತಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಮ್ಮ ಬೇರೊಬ್ಬ ಪರೀಕ್ಷಕರ ಮುಂದೆ, ಎರಡನೇ ಸಲಕ್ಕೆ, ಪಾಸಾದರು.

ಮೊದಲ ಭಾನುವಾರ ಇಬ್ಬರೇ ಬೆಟ್ಟ ದಾಟಿದರು. ನಾನು ಫೋನ್ ಹಿಡಿದು ಶತಪಥ ಹಾಕುತ್ತಿದ್ದೆ. ಕೊನೆಗೂ ಮೇಷ್ಟ್ರು ಕರೆ ಮಾಡಿದರು.

"ತಲುಪಿದ್ವಿ. ಅಕ್ಕ ತಂಗಿ ಇಬ್ಬರೂ ಒಳಗೆ ಹರಟ್ತಾ ಇದ್ದಾರೆ."

"ಅಮ್ಮ ಹೇಗೆ ಓಡಿಸಿದ್ರು ಸಾರ್?"

"ಗೊತ್ತಿಲ್ಲ ಕಣೇ. ನಾನು ಕಿಟಕಿಯಾಚೆ ನೋಡ್ತಾ ಇದ್ದೆ. ಈ ದಾರೀಲಿ ಒಂದು ಕೆರೆ ಇದೆ, ಎಷ್ಟು ದೊಡ್ಡದು! ಇಷ್ಟು ವರ್ಷ ಓಡಾಡಿದ್ದೀನಿ, ನನಗೆ ಗೊತ್ತೇ ಇರ್ಲಿಲ್ಲ."