ಒಂದೇ ಉಸಿರಿನಲ್ಲಿ ಓದಿದ ಮಾತು

ಟ್ರೂಲಾಳನ್ನು ಕಾಲೇಜಿನವರು ಕೆಲಸಕ್ಕೆ ತೆಗೆದುಕೊಂಡದ್ದು ಅವಳ ದನಿಗಾಗಿ. ಕಾಲೇಜು ಅಂದರೆ ಕಟ್ಟಡವೇನಲ್ಲ. ಸಾವಿರಾರು ಮೈಲಿ ದೂರದ ಮರಳುಗಾಡಿನ ಪಟ್ಟಣದಲ್ಲಿ ಒಂದು ಕಚೇರಿ, ಉಳಿದದ್ದೆಲ್ಲ ಕಂಪ್ಯೂಟರಿನೊಳಗೆ. ಮನೆಯಲ್ಲೇ ಕೂತು ಪದವಿ ಓದುವಂತೆ ನಡುವಯಸ್ಸಿನವರನ್ನು ಫೋನಿನಲ್ಲಿ ಒಪ್ಪಿಸುವುದು ಅವಳ ಕೆಲಸ. ನಗರದ ಹುಡುಗಿಯರು ಫೋನ್ ಮಾಡಿದರೆ ಪೂರ್ವ ಕೆಂಟಕಿಯ ಈ ಬೆಟ್ಟದ ಜನ ಎರಡನೇ ಮಾತಿಗೇ ಫೋನ್ ಇಟ್ಟುಬಿಡುತ್ತಿದ್ದರು. ಟ್ರೂಲಾ ಮಾಡಿದರೆ, "ಯಾವ ಹಳ್ಳದ ಕಡೆಯವಳೇ ನೀನು?" ಎಂದು ಕೇಳುತ್ತಿದ್ದರು. "ಕಾಲ್ಡರ್ ಹಳ್ಳ. ಬೀಜದಂಗಡಿ ಎಲ್ವುಡ್ ಮಗಳು" ಅಂದರೆ ಅರ್ಧ ಕೆಲಸ ಆದಂತೆ.

"ನಿನ್ನ ಮಾತನ್ನ ತಿದ್ದೋಕೆ ಹೋಗ್ಬೇಡ, ಹೆಂಗಿದೆಯೋ ಹಂಗೇ ಇರ್ಲಿ" ಎಂದು ಮೇಲ್ವಿಚಾರಕ ಬ್ರೆಂಟ್ ಮೊದಲ ದಿನವೇ ಹೇಳಿದ್ದ. ಅವಳಿಗೂ ಬೇರೆ ದಾರಿ ಇರಲಿಲ್ಲ. ಬೀಜದಂಗಡಿ ಮುಚ್ಚಿತ್ತು. ಪಕ್ಕದ ಕೋಣೆಯಲ್ಲಿ ಮರೆವಿನ ಕಾಯಿಲೆಯ ತಾಯಿ. ಅವಳನ್ನು ಬಿಟ್ಟು ಹೋಗಬೇಕಿಲ್ಲದ ಕೆಲಸ ಆ ಕಣಿವೆಯಲ್ಲಿ ಇದೊಂದೇ.

ಗುಡ್ಡದಾಚೆಯ ಡೆಲ್ಫಿಯಾ ಅವಳು ಸೇರಿಸಿದ ಹೊಸ ವಿದ್ಯಾರ್ಥಿನಿ. ವಯಸ್ಸು ನಲವತ್ತೇಳು, ಶಾಲೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ. ಅದೇ ಶಾಲೆಯಲ್ಲಿ ಎರಡನೇ ತರಗತಿಯ ಟೀಚರ್ ಆಗಬೇಕೆಂಬುದು ಅವಳ ಆಸೆ. ವಿದ್ಯಾರ್ಥಿ ಕಂಪ್ಯೂಟರಿನ ಪಾಠದ ಪುಟದಲ್ಲಿ ತನ್ನ ಪರಿಚಯದ ನಾಲ್ಕು ಸಾಲು ಬರೆದರೆ ಮಾತ್ರ ಸೇರಿದ ಹಾಗೆ. ಬರೆಯುವ ತನಕ ಬೆನ್ನು ಹತ್ತುವುದೂ ಟ್ರೂಲಾಳ ಪಾಲಿಗೆ. ಗುರುವಾರ ಮಧ್ಯಾಹ್ನ ಅದಕ್ಕೇ ಫೋನ್ ಮಾಡಿದಳು.

"ಬರ್ದಿದೀನಿ ಕಣೇ, ಕೇಳು" ಎಂದಳು ಡೆಲ್ಫಿಯಾ. ಕನ್ನಡಕ ಹುಡುಕಿದ ಸದ್ದು, ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. "'ನಾನು ಇಷ್ಟು ವರ್ಷ ಮಕ್ಕಳ ಹೊಟ್ಟೆ ತುಂಬಿಸಿದೆ. ಇನ್ನು ಅವರಿಗೆ ಓದು ಕಲಿಸುತ್ತೇನೆ.' ಹೆಂಗಿದೆ? ನಮ್ಮ ಯಜಮಾನ್ರು, ಪಾದ್ರಿ ಭಾಷಣ ಆಯ್ತು ಇದು ಅಂತ ನಗ್ತಾರೆ."

"ಚೆನ್ನಾಗಿದೆ ಅಕ್ಕ. ಹಂಗೇ ಹಾಕಿ."

"ನಾಳೆ ಹಾಕ್ತೀನಿ. ನಾಳೆ ಒಂಬತ್ತಕ್ಕೆ ಹೆಡ್‌ಮಾಸ್ಟರ್‌ಗೆ ರಾಜೀನಾಮೆನೂ ಕೊಡ್ತೀನಿ."

ಟ್ರೂಲಾಳ ಕೈ ಕೀಲಿಮಣೆಯ ಮೇಲೆ ನಿಂತಿತು. "ಕೆಲ್ಸ ಯಾಕೆ ಬಿಡ್ತೀರಿ?"

"ಇನ್ನೇನು ಮಾಡ್ಲಿ? ನಮ್ಮ ಕಡೆ ಇಂಟರ್‌ನೆಟ್ಟು ಲೈಬ್ರರೀಲಿ ಮಾತ್ರ. ಅದು ತೆಗಿಯೋದು ಹತ್ತಕ್ಕೆ, ಮುಚ್ಚೋದು ನಾಲ್ಕಕ್ಕೆ. ಸೌಟೂ ಹಿಡ್ಕೊಂಡು ಪುಸ್ತಕಾನೂ ಹಿಡ್ಕೊಳಕ್ಕೆ ನನಗೇನು ನಾಲ್ಕು ಕೈ ಇದಾವ? ಇವರ ಎದೆನೋವಿಗೆ ಸ್ಕೂಲಿನ ವಿಮೆ ಇತ್ತು, ಅದು ಹೋಗುತ್ತೆ. ಮೂರು ವರ್ಷ ತಡ್ಕೋತೀವಿ. ಟೀಚರ್ ಆದ್ಮೇಲೆ ಮತ್ತೆ ಬರುತ್ತಲ್ಲ."

ಮತ್ತೆ ಬರುವುದಿಲ್ಲ. ಅದು ಟ್ರೂಲಾಳಿಗೆ ಗೊತ್ತಿತ್ತು. ಆ ಪದವಿಯ ಹೆಸರಿನಲ್ಲಿ ಶಿಕ್ಷಣ ಎಂಬ ಮಾತಿತ್ತೇ ಹೊರತು, ಈ ರಾಜ್ಯದಲ್ಲಿ ತರಗತಿಗೆ ಕಾಲಿಡುವ ಪರವಾನಗಿ ಅದರಿಂದ ಸಿಗುತ್ತಿರಲಿಲ್ಲ. ಹಾಗೆಂದು ಹೇಳುವ ವಾಕ್ಯವೊಂದು ಅವಳು ಓದಬೇಕಾದ ಹಾಳೆಯಲ್ಲೇ ಇತ್ತು. ಸೇರಿಸಿಕೊಂಡ ದಿನ ಓದಿಯೂ ಇದ್ದಳು. ಹುಟ್ಟಿದ ತಾರೀಖು ಕೇಳಿದ ಮೇಲೆ, ಮನೆ ವಿಳಾಸ ಕೇಳುವ ಮೊದಲು, ಒಂದೇ ಉಸಿರಿನಲ್ಲಿ. ಹಾಗೆ ಓದಬೇಕೆಂದು ಬ್ರೆಂಟ್ ಕಲಿಸಿದ್ದ. ಆ ಕಡೆಯಿಂದ ಡೆಲ್ಫಿಯಾ "ಹೂಂ ಹೂಂ" ಅಂದಿದ್ದಳು, ಅಷ್ಟೆ.

ಈಗ ಹೇಳಬೇಕು. ಆದರೆ ಪ್ರತಿ ಕರೆಯೂ ರೆಕಾರ್ಡ್ ಆಗುತ್ತಿತ್ತು. ಸೇರಿದವರನ್ನು ಬಿಡಿಸಿದ ಒಬ್ಬಳನ್ನು ಹೋದ ತಿಂಗಳಷ್ಟೇ ಕೆಲಸದಿಂದ ತೆಗೆದಿದ್ದರು.

"ಸ್ವಲ್ಪ ಯೋಚ್ನೆ ಮಾಡಿ ಅಕ್ಕ" ಎಂದಳು ಟ್ರೂಲಾ.

"ಯೋಚ್ನೆ ಮಾಡಿದ್ರೆ ಸತ್ತಂಗೆ, ಮಾಡ್ಬೇಕು ಅಷ್ಟೇ ಅಂತ ಹೇಳ್ಕೊಟ್ಟವಳೇ ನೀನಲ್ವೇನೇ!" ಎಂದು ನಕ್ಕು ಡೆಲ್ಫಿಯಾ ಫೋನ್ ಇಟ್ಟಳು.

ಮರುದಿನ ಬೆಳಗಿನ ಜಾವ ತಾಯಿಯ ಬಳಿ ಪಕ್ಕದ ಮನೆಯಾಕೆಯನ್ನು ಕೂರಿಸಿ ಟ್ರೂಲಾ ಗುಡ್ಡ ದಾಟಿದಳು. ಶಾಲೆಯ ಹಿಂಬಾಗಿಲಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಒಳಗೆ ದಪ್ಪ ತೋಳಿನ ಹೆಂಗಸೊಬ್ಬಳು ಹಿಟ್ಟು ನಾದುತ್ತಿದ್ದಳು.

"ಡೆಲ್ಫಿಯಕ್ಕ..."

ಆಕೆ ತಲೆ ಎತ್ತುವ ಮೊದಲೇ ದನಿಯಿಂದ ಗುರುತು ಹಿಡಿದಳು. "ಅಯ್ಯೋ, ಎಲ್ವುಡ್ ಮಗಳು! ಫೋನಲ್ಲಿ ದಪ್ಪಗಿದ್ದೀಯ ಅನ್ಕೊಂಡಿದ್ದೆ, ಇದೇನೇ ಹೀಗೆ ಕಡ್ಡಿ ಥರ? ಕೂತ್ಕೋ, ಕಾಫಿ ಇದೆ."

ಟ್ರೂಲಾ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ಡೆಲ್ಫಿಯಾ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ, ಆದರೆ ಕೈ ನಿಧಾನವಾಯಿತು.

"ಇದನ್ನ ನಿನ್ನೆ ಯಾಕೆ ಹೇಳ್ಲಿಲ್ಲ?"

"ಫೋನಲ್ಲಿ ಅವರು ಕೇಳಿಸ್ಕೋತಾರೆ."

"ಓಹೋ. ನಾಲ್ಕು ಜನ ಕೇಳೋ ಕಡೆ ಟೀಚರ್ ಆಗ್ತೀಯ ಅನ್ನೋದು. ಯಾರೂ ಇಲ್ಲದ ಕಡೆ ಬಂದು, ಆಗಲ್ಲ ಅನ್ನೋದು. ಎರಡೂ ಒಂದೇ ಬಾಯಿ. ನಾನು ಯಾವುದನ್ನೇ ನಂಬ್ಲಿ?"

"ಆಗ್ತೀರಿ ಅಂತ ನಾನು ಬಾಯಿಬಿಟ್ಟು ಹೇಳಿರ್ಲಿಲ್ಲ ಅಕ್ಕ."

"ಆಗಲ್ಲ ಅಂತನೂ ಹೇಳ್ಲಿಲ್ವಲ್ಲ! ಭಾನುವಾರ ಚರ್ಚಿನಲ್ಲಿ ನನ್ನ ಎದ್ದು ನಿಲ್ಲಿಸಿ ಪ್ರಾರ್ಥನೆ ಮಾಡಿದ್ರು. ಎರಡನೇ ಕ್ಲಾಸಿನ ಮಕ್ಕಳು ಈಗ್ಲೇ ನನ್ನ ಮಿಸ್ಸು ಅಂತ ಕರೀತಾವೆ." ಹಿಟ್ಟನ್ನು ಎತ್ತಿ ಹಲಗೆಗೆ ಬಡಿದಳು. "ಯಾರದೋ ಮಾತು ಕಟ್ಕೊಂಡು ಬಂದಿದ್ದೀಯೋ ಏನೋ, ನನಗೇನು ಗೊತ್ತು? ಇತ್ತ ನಮ್ಮೂರ ಇಮೊಜೀನ್ ಸೊಸೆ ನನ್ನ ಈ ಅಡುಗೆ ಕೆಲಸಕ್ಕೆ ಬಾಯಿ ಬಿಟ್ಕೊಂಡು ಕೂತಿದ್ದಾಳೆ. ಒಂದ್ಸಲ ಬಿಟ್ರೆ ಮತ್ತೆ ಸಿಗಲ್ಲ. ನೋಡು, ಎಂಟು ಗಂಟೆಗೆ, ಅವರು ಕೇಳಿಸ್ಕೊಳೋ ಆ ನಿನ್ನ ಫೋನಿಂದ ಮಾಡು. ಈಗ ಹೇಳಿದ್ದನ್ನ ಅದರಲ್ಲಿ ಹೇಳು. ಹೇಳಿದ್ರೆ ನಂಬ್ತೀನಿ. ಇಲ್ಲಾಂದ್ರೆ ಒಂಬತ್ತಕ್ಕೆ ಕಾಗದ ಕೊಡ್ತೀನಿ."

"ನನ್ನ ಕೆಲ್ಸ ಹೋಗುತ್ತೆ ಅಕ್ಕ."

"ನಂದು?"

ಟ್ರೂಲಾ ಬಂದ ದಾರಿಯಲ್ಲೇ ಮರಳಿದಳು. ಮಂಜು ಇನ್ನೂ ಕರಗಿರಲಿಲ್ಲ. ಮನೆಯಲ್ಲಿ ತಾಯಿಗೆ ಗಂಜಿ ಕುಡಿಸಿ ಬಾಯಿ ಒರೆಸಿದಳು. "ಅಂಗಡಿ ತೆಗಿಯಲ್ವೇನೇ?" ಎಂದಳು ತಾಯಿ. "ತೆಗಿತೀನಮ್ಮ" ಎಂದು ಕಂಪ್ಯೂಟರಿನ ಮುಂದೆ ಬಂದು ಕೂತಳು. ಎಂಟಾಯಿತು. ಎಂಟೂ ಐದಾಯಿತು. ಎಂಟೂ ಹತ್ತಕ್ಕೆ ಕರೆ ಹೋಯಿತು.

ರೆಕಾರ್ಡ್ ಆಗುತ್ತಿದೆ ಎಂಬ ಎಚ್ಚರಿಕೆ ಮುಗಿಯಿತು. ಆ ಕಡೆ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ.

"ಅಕ್ಕ, ನಾನು ಟ್ರೂಲಾ. ನೀವು ಸೇರಿರೋ ಕೋರ್ಸಿಂದ ಈ ರಾಜ್ಯದಲ್ಲಿ ಟೀಚರ್ ಆಗಕ್ಕೆ ಪರವಾನಗಿ ಸಿಗಲ್ಲ. ಸೇರಿಸ್ಕೊಂಡ ದಿನ ಇದನ್ನ ನಿಮಗೆ ತಿಳಿಯದಷ್ಟು ಬೇಗ ಓದಿದೆ. ಹಾಗೆ ಓದೋದನ್ನೇ ನಮಗೆ ಕಲಿಸಿರೋದು. ಕೆಲ್ಸ ಬಿಡ್ಬೇಡಿ."

ಆ ಕಡೆ ತಟ್ಟೆಯೊಂದನ್ನು ಕೆಳಗಿಟ್ಟ ಸದ್ದು ಕೇಳಿತು.

"ಸರಿ" ಎಂದಳು ಡೆಲ್ಫಿಯಾ. "ನನ್ನ ಹೆಸರು ತೆಗೆದುಬಿಡಿ ಮೇಡಂ." ಅವಳು ಟ್ರೂಲಾಳನ್ನು ಹಾಗೆ ಕರೆದದ್ದು ಅದೇ ಮೊದಲು. ಫೋನ್ ಇಟ್ಟಳು.

ಹೆಸರು ತೆಗೆಯಲು ಕಾರಣ ಕೊಡಬೇಕಿತ್ತು. ತೆರೆಯ ಮೇಲೆ ಏಳು ಕಾರಣಗಳಿದ್ದವು: ಸಮಯವಿಲ್ಲ, ಹಣವಿಲ್ಲ, ಅನಾರೋಗ್ಯ, ಆಸಕ್ತಿ ಕಡಿಮೆಯಾಗಿದೆ... ಎಲ್ಲವೂ ವಿದ್ಯಾರ್ಥಿಯ ಕಡೆಯವೇ, ಕಾಲೇಜಿನದು ಒಂದೂ ಇರಲಿಲ್ಲ. ಕೊನೆಯದು 'ಇತರೆ'. ಟ್ರೂಲಾ ಅದನ್ನು ಒತ್ತಿ, ಖಾಲಿ ಜಾಗದಲ್ಲಿ ಈಗಷ್ಟೇ ಫೋನಿನಲ್ಲಿ ಹೇಳಿದ್ದನ್ನೇ ಬರೆಯತೊಡಗಿದಳು. ಅಷ್ಟರಲ್ಲಿ ಬ್ರೆಂಟನ ಕರೆ ಬಂತು. ಅದು ಬಡಿದುಕೊಳ್ಳುತ್ತಲೇ ಇತ್ತು. ಅವಳು ವಾಕ್ಯವನ್ನು ಮುಗಿಸಿ, ಆಮೇಲೆ ಎತ್ತಿದಳು.