ಸೇತುವೆಯ ಹೊಟ್ಟೆಯ ಕೆಳಗೆ

೨೦೨೫ರ ಫೆಬ್ರವರಿ ೧೧, ಮಂಗಳವಾರ, ಬೆಳಗ್ಗೆ ೯ ಗಂಟೆ ೪೦ ನಿಮಿಷ. ಡ್ರೋನ್ ಅಂಗಡಿಯವನು ಆಗಲೇ ಮೂರನೆಯ ಪೆಟ್ಟಿಗೆ ಬಿಚ್ಚಿದ್ದ. ಅವನ ಬಾಯಿಗೆ ಬಿಡುವಿರಲಿಲ್ಲ.

"ಇದು ಕಣ್ಮರೆಯಾದ್ರೂ ಚಿಂತೆ ಇಲ್ಲ ಮೇಡಂ. ಸಂಪರ್ಕ ಕಡಿದ ತಕ್ಷಣ ತಾನಾಗೇ ಮನೆಗೆ ಬರುತ್ತೆ. ನಮ್ಮ ಮನೆ ಮಕ್ಕಳಿಗಿಂತ ವಾಸಿ."

ಸುತ್ತಿಗೆ ಅಕ್ಕ ನಗಲಿಲ್ಲ. ಸೇತುವೆ ತಪಾಸಣೆಯ ತಂಡದವರು ಅವಳನ್ನು ಕರೆಯುತ್ತಿದ್ದುದೇ ಹಾಗೆ. ಹಗ್ಗಕ್ಕೆ ಜೋತುಬಿದ್ದು, ಸೇತುವೆಯ ಹೊಟ್ಟೆಗೆ ಸುತ್ತಿಗೆ ತಟ್ಟಿ, ಸದ್ದು ಕೇಳಿ ರೋಗ ಹೇಳುವುದು ಅವಳ ಕೆಲಸ. ಈ ವರ್ಷ ಮಗಳೂ ಅದೇ ತಂಡ ಸೇರಿದ್ದಳು. ಕಚೇರಿಯ ಇಂಜಿನಿಯರು ಕಡ್ಡಿ ಮುರಿದಂತೆ ಹೇಳಿದ್ದರು: ಸೇತುವೆಯಡಿಯ ಕೂದಲೆಳೆ ಬಿರುಕನ್ನು ಅಳೆಯುವ ಡ್ರೋನ್ ಸಿಕ್ಕರೆ ಸರಿ, ಇಲ್ಲವಾದರೆ ಮುಂದಿನ ತಿಂಗಳಿಂದ ಮಗಳೂ ಹಗ್ಗ ಹಿಡಿಯಬೇಕು. ಜೋತಾಡುವುದು ತನ್ನ ತಲೆಮಾರಿಗೇ ಮುಗಿಯಲಿ ಎಂದು ತಾಯಿಯ ಆಸೆ. ಅದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಅವಳ ನಾಲಿಗೆಯ ತುದಿಯಲ್ಲಿ ಒಂದು ಪ್ರಶ್ನೆಯಿತ್ತು. ಕೇಳುವಷ್ಟರಲ್ಲಿ ಪಕ್ಕದಲ್ಲೇ ನಿಂತಿದ್ದ ಮಗಳು ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು.

"ಮನೆಗೆ ಬರೋದು ಹೇಗೆ? ಮೊದಲು ಮೇಲಕ್ಕೇರಿ, ಆಮೇಲೆ ತಾನೇ?"

"ಹೌದು. ಮರಗಿರ ತಾಗಬಾರದಲ್ಲ."

"ನಾವು ಹಾರಿಸೋದು ಸೇತುವೆ ಕೆಳಗೆ. ಮೇಲಕ್ಕೇರಿದ್ರೆ ತಲೆ ಒಡ್ಕೊಳ್ಳುತ್ತೆ."

ತಾಯಿಯ ನಾಲಿಗೆಯ ತುದಿಯಲ್ಲಿದ್ದುದೂ ಅದೇ ಪ್ರಶ್ನೆ. ಅವಳು ಅರ್ಧ ಹೆಜ್ಜೆ ಹಿಂದೆ ಸರಿದು ಮಗಳಿಗೆ ಜಾಗ ಬಿಟ್ಟಳು.

"ಅಲ್ಲಿ ಉಪಗ್ರಹದ ಸಂಕೇತ ಸಿಗಲ್ಲ," ಎಂದು ಮಗಳು ಮುಂದುವರಿಸಿದಳು. "ಆಗ ನಿಂತಲ್ಲೇ ನಿಲ್ಲುತ್ತಾ? ಕ್ಯಾಮೆರಾ ಕತ್ತೆತ್ತಿ ನೆಟ್ಟಗೆ ಮೇಲೆ ನೋಡುತ್ತಾ? ರೆಕ್ಕೆ ಮುರಿದ್ರೆ ಬೇರೆಯದು ನಿಮ್ಮಲ್ಲೇ ಸಿಗುತ್ತಾ?"

ಅಂಗಡಿಯವನು ತಾಯಿಯ ಕಡೆ ತಿರುಗಿದ. "ನಿಮ್ಮ ಮಗಳು ವಕೀಲರಾಗಬೇಕಿತ್ತು ಮೇಡಂ."

"ವಕೀಲರು ನೆಲದ ಮೇಲೆ ನಿಂತು ಮಾತಾಡ್ತಾರಪ್ಪ. ಅವಳು ಕೇಳಿದ್ದಕ್ಕೆ ಹೇಳು."

ಅವನು ಒಳಗಿನಿಂದ ಧೂಳು ಹಿಡಿದ ಇನ್ನೊಂದು ಪೆಟ್ಟಿಗೆ ತಂದ. ನೋಡಲು ಚೆಂದವಿಲ್ಲ, ವೇಗವೂ ಕಡಿಮೆ. ಆದರೆ ಕ್ಯಾಮೆರಾ ನೆತ್ತಿಯ ಮೇಲಿತ್ತು. ಸಂಪರ್ಕ ಕಡಿದರೆ ಏರದೆ ನಿಲ್ಲುವಂತೆ ಹೊಂದಿಸಬಹುದೆಂದ.

"ಹಾರಿಸಿ ನೋಡಿಯೇ ತಗೊಳ್ಳೋದು," ಎಂದಳು ಮಗಳು.

ಮಧ್ಯಾಹ್ನ ಮೂವರೂ ಸೇತುವೆಯಡಿ ನಿಂತರು. ಕಂಬಗಳ ನಡುವೆ ಹೊಳೆಯ ಗಾಳಿ ಸಿಳ್ಳೆ ಹಾಕುತ್ತಿತ್ತು. ಡ್ರೋನ್ ಒಮ್ಮೆ ಪಕ್ಕಕ್ಕೆ ಜಾರಿ ಸಾವರಿಸಿಕೊಂಡಿತು. ಆಗ ಮಗಳು ಕೈಯಲ್ಲಿದ್ದ ನಿಯಂತ್ರಕವನ್ನೇ ಆರಿಸಿಬಿಟ್ಟಳು.

"ಏನ್ರೀ ಮಾಡ್ತಿದ್ದೀರಿ? ಹೊಳೆಗೆ ಬೀಳುತ್ತೆ."

"ಬೀಳೋದಾದ್ರೆ ಈಗಲೇ ಬೀಳಲಿ. ಇನ್ನೂ ನಿಮ್ಮದೇ ತಾನೇ?"

ಬೀಳಲಿಲ್ಲ, ಏರಲೂ ಇಲ್ಲ. ಗಾಳಿಯಲ್ಲಿ ಅಷ್ಟಿಷ್ಟು ನಡುಗುತ್ತ ಅಲ್ಲೇ ನಿಂತಿತು. ಅಂಗಡಿಯವನು ಹಣೆಯ ಬೆವರೊರೆಸಿಕೊಂಡ. ಮಗಳು ಮತ್ತೆ ಸಂಪರ್ಕ ಕೊಟ್ಟಳು.

"ಅಮ್ಮ, ಎಲ್ಲಿ ನೋಡ್ಲಿ?"

"ನನ್ನ ಕೇಳಬೇಡ. ನೀನೇ ಹುಡುಕು."

ಪರದೆಯ ಮೇಲೆ ತುಕ್ಕು, ಜೇಡರ ಬಲೆ, ಗಾರೆಯ ಕಲೆಗಳು ನಿಧಾನಕ್ಕೆ ಸರಿದವು. ಕಂಬದ ತಲೆಯ ಬಳಿ, ಒಂದು ಬೋಲ್ಟಿನ ಪಕ್ಕ, ಸಣ್ಣ ಗೆರೆ ಕಂಡಿತು. ಮಗಳು ಚಿತ್ರ ದೊಡ್ಡದು ಮಾಡಿ, ಬೋಲ್ಟಿನ ತಲೆಯ ಅಗಲಕ್ಕೆ ಹೋಲಿಸಿ ಲೆಕ್ಕ ಹಾಕಿದಳು. ಸಾಲದೆಂದು ಇನ್ನೊಂದು ಬದಿಯಿಂದ ಚಿತ್ರ ತೆಗೆದು ಮತ್ತೊಮ್ಮೆ ಹಾಕಿದಳು. ಎರಡು ಸಲವೂ ಉತ್ತರ ಒಂದೇ ಬಂತು.

ಸುತ್ತಿಗೆ ಅಕ್ಕ ಇಂಜಿನಿಯರಿಗೆ ಫೋನ್ ಹಚ್ಚಿದಳು.

"ಸರ್, ಸೇತುವೆ ಹತ್ತಿರದಿಂದ. ನಾನಲ್ಲ, ನನ್ನ ಮಗಳು ಹೇಳ್ತಾಳೆ, ಕೇಳಿ."

ಮಗಳ ಎರಡೂ ಕೈ ನಿಯಂತ್ರಕದ ಮೇಲಿದ್ದವು. ತಾಯಿ ಫೋನನ್ನು ಅವಳ ಬಾಯಿಯ ಬಳಿ ಹಿಡಿದು ನಿಂತಳು.

"ಡ್ರೋನಲ್ಲೇ ಅಳೆದಿದ್ದು ಸರ್. ಬಿರುಕಿನ ಅಗಲ," ಎಂದಳು ಮಗಳು, "ಸೊನ್ನೆ ಪಾಯಿಂಟ್ ಮೂರು ಮಿಲಿಮೀಟರ್."