ಒಂದು ದನಿಗೆ ನೂರೆಂಟು ಬೇಡಿಕೆ

ಬೆಳಗ್ಗೆ ಒಂಬತ್ತಕ್ಕೇ ಅಕ್ಕನ ಊಟದ ಮೇಜಿನ ಮೇಲೆ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ತಮ್ಮ ಕೂತಿದ್ದ. ರೇಡಿಯೋ, ಟೀವಿ ರಿಪೇರಿ ಮಾಡುತ್ತಲೇ ತಲೆ ನರೆತವನು. ಇದೊಂದು ಯಾವ ಮಹಾ ಎಂದುಕೊಂಡಿದ್ದ. ಅಕ್ಕ ಇಪ್ಪತ್ತೆಂಟು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗಿದವಳು. ಮೊಮ್ಮಗಳನ್ನು ಊಟಕ್ಕೆ ಕರೆಯುತ್ತಿದ್ದುದೂ ಅದೇ ಧಾಟಿಯಲ್ಲಿ. ಗಂಟಲಿನ ಆಪರೇಷನ್ ಆದ ಮೇಲೆ ದನಿ ಪೂರ್ತಿ ಹೋಗಿ, ಮಾತೆಲ್ಲ ಸ್ಲೇಟಿನ ಮೇಲೆ. ದೊಡ್ಡವರಿಗೆ ಅಷ್ಟು ಸಾಕು. ಆದರೆ ಆಪರೇಷನ್ ಆದಮೇಲೆ ಮೊದಲ ಸಲ ಇವತ್ತು ನಾಲ್ಕು ಗಂಟೆಗೆ ಬರಲಿದ್ದ ಮೊಮ್ಮಗಳಿಗೆ ಇನ್ನೂ ಓದಲು ಬಾರದು. ಟೈಪ್ ಮಾಡಿದ್ದನ್ನು ಓದಿ ಹೇಳುವ ಪ್ರೋಗ್ರಾಮ್ ಅಷ್ಟರೊಳಗೆ ಬಾಯಿ ಬಿಡಬೇಕಿತ್ತು.

ಅದು ರೆಡಿಮೇಡ್ ಸಿಗಲಿಲ್ಲ. ಲ್ಯಾಪ್‌ಟಾಪಿನಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್; ಪ್ರೋಗ್ರಾಮಿನ ಮೂಲ ಕೋಡ್ ತಂದು ಇಲ್ಲೇ ಕಟ್ಟಿಕೊಳ್ಳಬೇಕಿತ್ತು. ಕಟ್ಟಲು ಹೊರಟರೆ, ದನಿ ಹೊರಡಿಸಲು ಬೇಕಾದ ಸೌಂಡ್ ಲೈಬ್ರರಿ ಇಲ್ಲ ಎಂದಿತು ಲ್ಯಾಪ್‌ಟಾಪ್. ಅದನ್ನು ತರಹೋದರೆ ಅದಕ್ಕೆ ಇನ್ನೊಂದು ಬೇಕಂತೆ, ಆ ಇನ್ನೊಂದಕ್ಕೆ ಮತ್ತೊಂದು. ಒಬ್ಬನನ್ನು ಊಟಕ್ಕೆ ಕರೆದರೆ ಬೀಗರನ್ನೆಲ್ಲ ಕಟ್ಟಿಕೊಂಡು ಬಂದ ಹಾಗೆ. ಎಲ್ಲ ತಂದು ಹಾಕಿದ ಮೇಲೂ ಅದೇ ರಾಗ: ಸೌಂಡ್ ಲೈಬ್ರರಿ ಇಲ್ಲ. ಇಂಥವನ್ನೆಲ್ಲ ತಂದು ಹಾಕಿಕೊಡುವ ಪ್ಯಾಕೇಜ್ ಮ್ಯಾನೇಜರ್ ಎಂಬ ಪ್ರೋಗ್ರಾಮನ್ನು ಕೇಳಿದರೆ, ಆಗಲೇ ಹಾಕಿದೆಯಲ್ಲ ಎನ್ನುತ್ತದೆ.

“ಒಂದು ಇದೆ ಅನ್ನುತ್ತೆ, ಒಂದು ಇಲ್ಲ ಅನ್ನುತ್ತೆ! ಯಾರ ಹತ್ರ ಆಟ ಇವುಕ್ಕೆ?”

ಅಕ್ಕ ಸ್ಲೇಟು ಎತ್ತಿದಳು: ‘ನಿಧಾನವಾಗಿ ಓದೋ.’

“ಓದ್ತಾನೇ ಇದೀನಿ, ಸುಮ್ನಿರೇ!”

ಓದುತ್ತಿರಲಿಲ್ಲ. ಆ ಹಾಳು ಲೈಬ್ರರಿಯನ್ನೇ ಕಿತ್ತು ಹೊಸದಾಗಿ ಹಾಕುತ್ತೇನೆ ಎಂದು ಹೊರಟ. ಅದರ ಜೊತೆ ಇನ್ನೇನೇನು ಹೋಗುತ್ತದೆ ಎಂದು ಪ್ಯಾಕೇಜ್ ಮ್ಯಾನೇಜರ್ ಉದ್ದನೆಯ ಪಟ್ಟಿ ತೋರಿಸಿ, ಆಗಬಹುದೇ ಎಂದು ಕೇಳಿತು. ಇವನು ಕಣ್ಣೂ ಹಾಯಿಸದೆ ಹೌದು ಎಂದುಬಿಟ್ಟ. ಮೆನು ಹೋಯಿತು, ಐಕಾನುಗಳು ಹೋದವು, ಬರೀ ಕಪ್ಪು ಪರದೆ ಉಳಿಯಿತು. ಎಲ್ಲವನ್ನೂ ಮರಳಿ ತರುವಷ್ಟರಲ್ಲಿ ಎರಡೂವರೆ ಆಗಿತ್ತು.

ಆಮೇಲೆ ಪರದೆಗೆ ಬೆರಳಿಟ್ಟು ಒಂದೊಂದೇ ಸಾಲು ಓದಿದ. ಆ ಲೈಬ್ರರಿ ಎರಡು ಪ್ಯಾಕೇಜಾಗಿ ಬರುತ್ತಿತ್ತು: ಬಳಸುವವರಿಗೆ ಒಂದು, ಕಟ್ಟುವವರಿಗೆ ಇನ್ನೊಂದು. ಇವನು ಹಾಕಿದ್ದು ಮೊದಲನೆಯದು ಮಾತ್ರ. ಎರಡನೆಯದು ಎರಡೇ ನಿಮಿಷದಲ್ಲಿ ಬಂತು, ಪ್ರೋಗ್ರಾಮೂ ಕಟ್ಟಿ ಮುಗಿಯಿತು. ಅವನು ಹಣೆ ಹಣೆ ಚಚ್ಚಿಕೊಂಡ.

ನಾಲ್ಕಕ್ಕೆ ಮೊಮ್ಮಗಳು ಬಂದು ಅಮ್ಮನ ಹಿಂದೆ ಅಡಗಿ ನಿಂತಳು. ಅಕ್ಕ ಅವಸರದಲ್ಲಿ ಟೈಪ್ ಮಾಡಿದಳು.

“ಬಾ ಪುಟ್ಟಿ,” ಎಂದಿತು ಲ್ಯಾಪ್‌ಟಾಪ್, ಯಾವನೋ ಗಂಡಸಿನ ಒರಟು ದನಿಯಲ್ಲಿ.

“ಇದು ಅಜ್ಜಿ ಅಲ್ಲ,” ಎಂದು ಮಗು ಅಳಲು ಶುರುಮಾಡಿತು.

ತಮ್ಮನಿಗೆ ಲ್ಯಾಪ್‌ಟಾಪನ್ನೆತ್ತಿ ಬೀದಿಗೆ ಎಸೆಯುವಷ್ಟು ರೇಗಿತು. ಅಕ್ಕ ಅವನ ಕೈ ಸರಿಸಿ ಮತ್ತೆ ಟೈಪ್ ಮಾಡಿದಳು.

“ಪ್ರಯಾಣಿಕರ ಗಮನಕ್ಕೆ. ಅಜ್ಜಿಯ ಮಡಿಲಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ. ಪುಟ್ಟಿ ಎಲ್ಲಿದ್ದರೂ ಬಂದು ಹತ್ತಬೇಕು.”

ಮಗುವಿನ ಅಳು ನಿಂತಿತು. ಒಮ್ಮೆ ಲ್ಯಾಪ್‌ಟಾಪ್ ನೋಡಿತು, ಒಮ್ಮೆ ಅಜ್ಜಿಯ ಮುಖ ನೋಡಿತು.

“ಕಿಟಕಿ ಸೀಟು ನಂದು,” ಎನ್ನುತ್ತ ಓಡಿಬಂದು ಮಡಿಲು ಹತ್ತಿತು.